ನಮ್ಮೂರ ಕೆರೆಯ ಅಂಗಳ ಅಳೆಸಿದ್ದು

2024ರ ಮಾರ್ಚ್ ತಿಂಗಳು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಅವ್ವ ಹೊಲದಿಂದ ಫೋನ್ ಮಾಡಿದಳು. "ಕೆರಿ ಅಂಗಳದಾಗ ಟ್ರ್ಯಾಕ್ಟರ್ ನಿಂತಾವ. ಗರಸು ಸುರುವಾಕತ್ತಾರ. ನೀನರ ಬಂದು ನೋಡು ಬಾ."

ಗಾಡಿ ತಗೊಂಡು ಹೋದೆ. ನಮ್ಮೂರು ಗದಗ ಜಿಲ್ಲೆಯಲ್ಲಿ, ಮಾಗಡಿ ಕೆರೆಯಿಂದ ಅರ್ಧ ತಾಸಿನ ದಾರಿ. ಕೆರೆಗೆ ಒಂದು ಕಡೆ ಒಡ್ಡು, ಇನ್ನೊಂದು ಕಡೆ ಹಳ್ಳ ಬಂದು ಸೇರುವ ಇಳಿಜಾರು. ಆ ಇಳಿಜಾರಿನ ಬಯಲಿಗೆ ನಾವು ಅಂಗಳ ಅಂತೀವಿ. ಮಳೆ ಚೆನ್ನಾಗಿ ಆದ ವರ್ಷ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ನಾಲ್ಕು ತಿಂಗಳು ಇದ್ದು ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಬರೀ ಬಿರುಕು ಬಿಟ್ಟ ಎರೆಮಣ್ಣು, ಆಪು ಹುಲ್ಲಿನ ಒಣಗಿದ ಬುಡ, ದನದ ಹೆಜ್ಜೆ.

ನಾನು ಕಾಲಿಟ್ಟ ಕೂಡಲೇ ಒಂದು ಟಿಟ್ಟಿಭ ತಲೆ ಮೇಲೆ ಸುತ್ತು ಹಾಕಿ ಚೀರತೊಡಗಿತು. ಅದು ಹಾಗೆ ಚೀರಿದರೆ ಹತ್ತಿರದಲ್ಲೇ ಮೊಟ್ಟೆ ಇವೆ ಅಂತ ಲೆಕ್ಕ. ಹೆಜ್ಜೆ ಹೆಜ್ಜೆಗೂ ನೆಲ ನೋಡುತ್ತಾ ಹೋದೆ. ಎತ್ತಿನ ಗೊರಸು ಊರಿದಷ್ಟು ತಗ್ಗು. ಸುತ್ತ ಸಣ್ಣ ಹರಳು. ನಡುವೆ ನಾಲ್ಕು ಮೊಟ್ಟೆ, ನೆಲದ್ದೇ ಬಣ್ಣ, ಮೇಲೆ ಕಪ್ಪು ಚುಕ್ಕೆ, ಚೂಪು ತುದಿ ನಾಲ್ಕೂ ಒಳಮುಖ. ಅಲ್ಲಿಂದ ಹತ್ತು ಹೆಜ್ಜೆಗೆ ಗರಸಿನ ಗುಡ್ಡೆ ಶುರು.

"ಇದು ಕೆರಿ ಅಲ್ರಿ ಅಕ್ಕಾರ" ಅಂದ ಟ್ರ್ಯಾಕ್ಟರ್ ಹುಡುಗ. "ನೀರ ಎಲ್ಲೈತಿ ಇಲ್ಲಿ? ಪಡ ಬಿದ್ದ ಜಾಗ."

ಅವನು ಸುಳ್ಳು ಹೇಳಲಿಲ್ಲ. ಅವನ ಕಣ್ಣಿಗೆ ಕಂಡದ್ದು ಹೇಳಿದ. ಆಮೇಲೆ ಒಂದೂವರೆ ವರ್ಷ ನಾನು ಓಡಾಡಿದ್ದೆಲ್ಲ ಈ ಒಂದು ಪ್ರಶ್ನೆಗೇ. ನೀರಿಲ್ಲದಾಗ ಕೆರೆ ಎಲ್ಲಿಯವರೆಗೆ ಕೆರೆ?

ನನ್ನದು ಜೆರಾಕ್ಸ್ ಅಂಗಡಿ. ಜೊತೆಗೆ ಪಹಣಿ ತೆಗೆದುಕೊಡೋದು, ಮೋಜಣಿ ಅರ್ಜಿ, ಜಾತಿ-ಆದಾಯದ ಅರ್ಜಿ ತುಂಬೋದು. ಕಾಗದದ ಭಾಷೆ ನನಗೆ ಹೊಸದಲ್ಲ. ಆದರೂ ಮೊದಲನೇ ಅರ್ಜಿಯಲ್ಲೇ ತಪ್ಪಿದೆ. ಸಿಟ್ಟಿನಲ್ಲಿ ಬರೆದಿದ್ದೆ. "ಕೆರೆಗೆ ಮಣ್ಣು ತುಂಬುತ್ತಿದ್ದಾರೆ, ಕೆರೆಯ ನೀರು ಹಾಳಾಗುತ್ತದೆ, ದಯವಿಟ್ಟು ತಡೆಯಿರಿ." ಎರಡು ಫೋಟೋ ಅಂಟಿಸಿದ್ದೆ. ಒಂದು ಕಚೇರಿಯಿಂದ ತಿಂಗಳ ಮೇಲೆ ಹಿಂಬರಹ ಬಂತು. ಸ್ಥಳ ಪರಿಶೀಲಿಸಲಾಗಿದೆ, ಸದರಿ ಜಾಗದಲ್ಲಿ ನೀರು ಇರುವುದಿಲ್ಲ, ಆದ್ದರಿಂದ ಅರ್ಜಿ ಮುಕ್ತಾಯಗೊಳಿಸಲಾಗಿದೆ. ಟ್ರ್ಯಾಕ್ಟರ್ ಹುಡುಗ ಹೇಳಿದ್ದನ್ನೇ ಮುದ್ರೆ ಹಾಕಿ ಕೊಟ್ಟಿದ್ದರು.

ಆ ಹಿಂಬರಹವನ್ನು ಅಂಗಡಿಯ ಗಾಜಿನ ಕೆಳಗೆ ಇಟ್ಟುಕೊಂಡೆ. ದಿನಾ ಕಣ್ಣಿಗೆ ಬೀಳಲಿ ಅಂತ.

ನಮ್ಮ ಮಾಗಡಿ ಕೆರೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಜೌಗು ಭೂಮಿ ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದದ ಮಾನ್ಯತೆ, ಸಿಕ್ಕಿದ್ದು ಅದೇ ವರ್ಷದ ಜನವರಿ 31ರಂದು ಪ್ರಕಟವಾಗಿತ್ತು. ಜಿಲ್ಲೆಯಲ್ಲೆಲ್ಲ ಅದೇ ಸುದ್ದಿ. ಅಘನಾಶಿನಿ ಅಳಿವೆಗೂ ಅಂಕಸಮುದ್ರಕ್ಕೂ ಸಿಕ್ಕಿದ್ದು ಅವತ್ತೇ ಪ್ರಕಟವಾಯಿತು. ರಾಜ್ಯದಲ್ಲಿ ಅದಕ್ಕೂ ಮೊದಲು ಇದ್ದದ್ದು ರಂಗನತಿಟ್ಟು ಒಂದೇ. ಚಳಿಗಾಲದಲ್ಲಿ ಮಾಗಡಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹಿಮಾಲಯ ದಾಟಿಕೊಂಡು, ಸುಮಾರು 8,000. ಹಗಲು ನೀರಿನಲ್ಲಿ, ಕತ್ತಲಾದ ಮೇಲೆ ಹೊಲಗಳಲ್ಲಿ. ನಮ್ಮ ಕಡಲೆ ಹೊಲಕ್ಕೂ ಬಂದು ಹೋಗ್ತವೆ, ನಮ್ಮ ಕೆರೆಯ ಅಂಗಳದಲ್ಲೂ ಇಳಿಯುತ್ತವೆ. ಹಾಗಾಗಿ ನಾನು ಅಂದುಕೊಂಡೆ, ಮಾಗಡಿಗೆ ಕಾಯ್ದೆ ಇದ್ದರೆ ನಮಗೂ ಅದೇ ಕಾಯ್ದೆ ಇರಲೇಬೇಕಲ್ವಾ?

ರಾತ್ರಿ ಅಂಗಡಿ ಮುಚ್ಚಿದ ಮೇಲೆ ಓದತೊಡಗಿದೆ. ಕೇಂದ್ರ ಸರ್ಕಾರ 2017ರ ಸೆಪ್ಟೆಂಬರ್‌ನಲ್ಲಿ ಜೌಗು ಭೂಮಿಗಳ ನಿಯಮ ಹೊರಡಿಸಿದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ. ಅದರ ವ್ಯಾಖ್ಯೆ ಓದುತ್ತಾ ಓದುತ್ತಾ ನನಗೆ ಖುಷಿ ಆಗತೊಡಗಿತು. ಜವಳು ನೆಲ ಅಥವಾ ನೀರಿನ ಜಾಗ. ತಾನಾಗೇ ಆದದ್ದಿರಲಿ, ಮನುಷ್ಯ ಮಾಡಿದ್ದಿರಲಿ. ವರ್ಷವಿಡೀ ನೀರಿರಲಿ, ಕೆಲವು ಕಾಲ ಮಾತ್ರ ಇರಲಿ. ನಿಂತ ನೀರು, ಹರಿಯುವ ನೀರು, ಸಿಹಿ ನೀರು, ಉಪ್ಪು ನೀರು, ಎಲ್ಲಾ ಸೇರುತ್ತದೆ. ಕೆಲವು ಕಾಲ ಮಾತ್ರ! ನಮ್ಮ ಅಂಗಳವೇ ಅದು. ಟಿಟ್ಟಿಭದ ಮೊಟ್ಟೆ ಇದ್ದ ಜಾಗವೇ ಅದು.

ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. ಅದರ ಬಾಲದಲ್ಲಿ "ಇವು ಸೇರುವುದಿಲ್ಲ" ಅಂತ ಒಂದು ಪಟ್ಟಿ ಇತ್ತು. ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆಂದೇ ಮನುಷ್ಯ ಕಟ್ಟಿದ ಕೆರೆ, ಮೀನು ಸಾಕಣೆಗೆ, ಉಪ್ಪು ತೆಗೆಯೋದಕ್ಕೆ, ಮನರಂಜನೆಗೆ, ನೀರಾವರಿಗೆ ಕಟ್ಟಿದ್ದು.

ನೀರಾವರಿಗೆ ಕಟ್ಟಿದ್ದು ಅಂದರೆ ನಮ್ಮ ಸೀಮೆಯಲ್ಲಿ ಉಳಿಯೋದು ಯಾವುದು? ಇಲ್ಲಿ ತಾನಾಗೇ ಆದ ಸರೋವರ ಎಲ್ಲಿವೆ? ಅಜ್ಜ ಮುತ್ತಜ್ಜರು ಹಳ್ಳಕ್ಕೆ ಅಡ್ಡ ಒಡ್ಡು ಹಾಕಿ, ತೂಬು ಇಟ್ಟು, ಕೋಡಿ ಬಿಟ್ಟು ಕಟ್ಟಿದವೇ ಎಲ್ಲ. ಮಾಗಡಿ ಕೆರೆ ಕೂಡ ಮಳೆನೀರು ಹಿಡಿದು ನೀರಾವರಿಗೆ ಕೊಡಲಿಕ್ಕೆಂದೇ ಕಟ್ಟಿದ್ದು, ಸುಮಾರು 50 ಹೆಕ್ಟೇರ್. ಅದರಲ್ಲಿ 166 ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ಆದ ಒಪ್ಪಂದ ಮನುಷ್ಯ ಕಟ್ಟಿದ ಕೆರೆಯನ್ನೂ ಜೌಗು ಭೂಮಿ ಅಂತ ಒಪ್ಪುತ್ತದೆ. ಭಾರತ 1982ರಿಂದ ಅದಕ್ಕೆ ಬದ್ಧ. ನಮ್ಮ ಸ್ವಂತ ನಿಯಮ ಮಾತ್ರ ಕಟ್ಟಿದ ಕೆರೆಯನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ನನಗೆ ಇದು ಸರಿ ಕಾಣೋದಿಲ್ಲ, ಇವತ್ತಿಗೂ. ಹೆಬ್ಬಾತು ಇಳಿಯುವಾಗ ಒಡ್ಡು ಯಾರು ಕಟ್ಟಿದ್ದು ಅಂತ ಕೇಳುತ್ತದೆಯೇ?

ಇನ್ನೂ ಒಂದು ಗೊತ್ತಾಯಿತು. ವ್ಯಾಖ್ಯೆಗೆ ಹೊಂದಿದರೂ ಸಾಲದು. ರಾಮ್ಸಾರ್ ಪಟ್ಟಿಯಲ್ಲಿರಬೇಕು, ಇಲ್ಲವೇ ಸರ್ಕಾರ ಅಧಿಸೂಚನೆ ಹೊರಡಿಸಿರಬೇಕು. ಆಗಲೇ ಆ ನಿಯಮದ ಬಲ ಸಿಗೋದು. ಬಲವೇನೋ ದೊಡ್ಡದೇ. ಒತ್ತುವರಿ ಇಲ್ಲ, ಕಸ ಸುರಿಯುವಂತಿಲ್ಲ, ಹತ್ತು ವರ್ಷದ ಸರಾಸರಿ ಪ್ರವಾಹದ ಮಟ್ಟದಿಂದ 50 ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟು ಬೇರೆ ಯಾವ ಕಾಯಂ ಕಟ್ಟಡವೂ ಇಲ್ಲ.

ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು ಪಹಣಿಗೆ ಅಂಗಡಿಗೆ ಬಂದಿದ್ದರು. ಅವರ ಮುಂದೆ ಇದೆಲ್ಲ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಮಾತು. "ನೀವು ದಿನಾ ಊರ ಮಂದಿ ಪಹಣಿ ತಗೀತೀರಿ. ಕೆರಿ ಪಹಣಿ ತಗದು ನೋಡೀರೇನು?"

ನೋಡಿರಲಿಲ್ಲ. ಅವರು ಹೋದ ಕೂಡಲೇ ಸರ್ವೆ ನಂಬರ್ ಹಾಕಿ ತೆಗೆದೆ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರಿನ ಜಾಗದಲ್ಲಿ "ಸರ್ಕಾರಿ ಕೆರೆ". ಮೂರನೇ ಕಾಲಂನಲ್ಲಿ ವಿಸ್ತೀರ್ಣ 31 ಎಕರೆ ಚಿಲ್ಲರೆ. ನೀರು ತುಂಬಿದಾಗ ಒಡ್ಡಿನ ಕಡೆ ಕಾಣೋದು ಇಪ್ಪತ್ತು ಎಕರೆ ದಾಟಲಿಕ್ಕಿಲ್ಲ. ಉಳಿದ ಹತ್ತು ಎಕರೆ ಎಲ್ಲಿ? ಗ್ರಾಮ ನಕಾಶೆ ತರಿಸಿದೆ. ಹಳೆಯ ನಕಾಶೆಯ ಗೆರೆ ಆಪು ಬೆಳೆಯುವ ಜಾಗವನ್ನೂ ದಾಟಿ, ಜಾಲಿ ಮೆಳೆಯ ಒಳಗಿಂದ ಸುತ್ತಿ ಬರುತ್ತಿತ್ತು. ಅಂಗಳ ಪೂರ್ತಿ ಕೆರೆಯ ಹೊಟ್ಟೆಯೊಳಗೇ ಇತ್ತು.

ಆಮೇಲೆ ಸಿಕ್ಕಿದ್ದು ರಾಜ್ಯದ ಕಾಯ್ದೆ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ್ದು, 2014ರದ್ದು. ಅದರಲ್ಲಿ ಕೆರೆ ಅಂದರೇನು ಅಂತ ಹೇಳುವ ಸಾಲನ್ನು ನಾನು ಎದ್ದು ನಿಂತು ಓದಿದೆ. ನೀರು ಇರಲಿ, ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಥವಾ ಇನ್ನಾವುದೇ ಹೆಸರಿನಲ್ಲಿ ಇದ್ದರೆ ಅದು ಕೆರೆ. ಸುತ್ತಲ ಜಲಾನಯನ, ರಾಜಕಾಲುವೆ, ಒಳಹರಿವು, ಒಡ್ಡು, ಕೋಡಿ, ತೂಬು, ಎಲ್ಲಾ ಅದರಲ್ಲೇ ಸೇರಿತು.

ನೀರು ಇರಲಿ, ಇಲ್ಲದಿರಲಿ. ಗಾಜಿನ ಕೆಳಗಿದ್ದ ಹಿಂಬರಹಕ್ಕೆ ಉತ್ತರ ಸಿಕ್ಕಿತ್ತು.

ಕೇಂದ್ರದ ನಿಯಮ ನೀರಿನ ಕಡೆ ನೋಡುತ್ತದೆ, ಯಾಕೆ ಕಟ್ಟಿದ್ದು ಅಂತ ಕೇಳುತ್ತದೆ. ರಾಜ್ಯದ ಕಾಯ್ದೆ ದಫ್ತರದ ಕಡೆ ನೋಡುತ್ತದೆ. ನಮ್ಮಂಥ ಊರಿಗೆ ಎರಡನೆಯದೇ ಗಟ್ಟಿ. ನಾನು ಓದಿದಾಗ ಅದರ ಪ್ರಕಾರ ಕೆರೆ ಜಾಗದಲ್ಲೂ, ಕೆರೆಯ ಗಡಿಯಿಂದ 30 ಮೀಟರ್ ಒಳಗೂ ಮನೆ, ಅಂಗಡಿ, ಕಾರ್ಖಾನೆ ಕಟ್ಟುವಂತಿರಲಿಲ್ಲ. ಕೆರೆಗೆ ಮಣ್ಣು, ಕಟ್ಟಡದ ಕಸ, ಕೊಳಚೆ ಹಾಕುವಂತಿಲ್ಲ. ಗಮನಿಸಿ, ಈ 30 ಮೀಟರ್ ಅಳೆಯೋದು ನೀರಿನ ಅಂಚಿನಿಂದ ಅಲ್ಲ, ಗಡಿಯಿಂದ. ಗಡಿ ಎಲ್ಲಿದೆ ಅಂತ ನೆಲದ ಮೇಲೆ ಗೊತ್ತಿಲ್ಲದಿದ್ದರೆ ಮೂವತ್ತು ಮೀಟರ್ ಯಾವುದರಿಂದ ಹಿಡಿಯೋದು?

ಎರಡನೇ ಅರ್ಜಿ ಬರೆದೆ. ಈ ಸಲ ಒಂದು ಪುಟ. ಸಿಟ್ಟಿನ ಮಾತು ಒಂದೂ ಇಲ್ಲ. ಸರ್ವೆ ನಂಬರ್, ವಿಸ್ತೀರ್ಣ, ಪಹಣಿ ಪ್ರತಿ, ನಕಾಶೆ ಪ್ರತಿ, ಕಾಯ್ದೆಯ ಆ ವ್ಯಾಖ್ಯೆ ಹಾಗೇ ಎತ್ತಿ ಬರೆದಿದ್ದು. ಕೇಳಿದ್ದೂ ಒಂದೇ. ಕೆರೆಯ ಗಡಿ ಅಳೆದು ಕಲ್ಲು ಹಾಕಿಕೊಡಿ. "ಮಣ್ಣು ತೆಗೆಸಿ" ಅಂತ ಕೇಳಲಿಲ್ಲ. ಅಳತೆ ಆದರೆ ಉಳಿದದ್ದು ತಾನಾಗೇ ಕಾಣುತ್ತದೆ ಅಂತ ಅಷ್ಟು ಹೊತ್ತಿಗೆ ತಿಳಿದಿತ್ತು.

ಯಾರಿಗೆ ಕೊಡೋದು ಅನ್ನೋದೇ ಒಂದು ಸುತ್ತು. ಕೆರೆಯ ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಅದು ಸಣ್ಣ ನೀರಾವರಿ ಇಲಾಖೆಯದು, ಕಡಿಮೆ ಇದ್ದರೆ ಪಂಚಾಯತಿ ಕಡೆಯದು. ನೆಲದ ಮಾಲೀಕತ್ವ, ಅಳತೆ ಮಾತ್ರ ಕಂದಾಯದವರದು. ಮೂರು ಕಡೆ ಕೊಟ್ಟೆ. ಮೂರೂ ಕಡೆ ನನ್ನ ಪ್ರತಿಯ ಮೇಲೆ ಮುದ್ರೆ, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆ. ಇದನ್ನು ನನ್ನ ಅಂಗಡಿಗೆ ಬರುವವರಿಗೆಲ್ಲ ಹೇಳ್ತೀನಿ, ಇಲ್ಲೂ ಹೇಳ್ತೀನಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ.

ಎರಡು ತಿಂಗಳು ಏನೂ ಆಗಲಿಲ್ಲ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ನನ್ನ ಅರ್ಜಿಯ ಮೇಲೆ ಏನು ಕ್ರಮ ಆಗಿದೆ ಅಂತ ಕೇಳಿದೆ. ಉತ್ತರ ಕೊಡಲಿಕ್ಕೆ 30 ದಿನ ಇರುತ್ತದೆ. ಇಪ್ಪತ್ತೆಂಟನೇ ದಿನ ಫೋನ್ ಬಂತು. "ಪಂಚಾಯತಿ ಠರಾವು ಐತೇನ್ರಿ? ಅದೊಂದು ಇದ್ರ ಲಗೂ ಆಗ್ತೈತಿ."

ಠರಾವಿಗೆ ಗ್ರಾಮಸಭೆಯಲ್ಲಿ ಮಾತಾಡಬೇಕಾಯಿತು. ನಾನು ಕಾಯ್ದೆ ಹೇಳತೊಡಗಿದೆ, ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಅವ್ವ ಹಿಂದಿನಿಂದ ಎದ್ದು ನಿಂತಳು. "ಅಂಗಳ ತುಂಬಿದ್ರ ನೀರು ಎಲ್ಲಿಗ್ಹೋಗ್ತೈತಿ? ಕೆಳಗಿನ ಓಣಿಗೆ ಬರ್ತೈತಿ. ಮತ್ತ ನಿಮ್ಮ ಬೋರಿಗೆ ನೀರು ಎಲ್ಲಿಂದ ಬರ್ತಾವ ಅನ್ಕೊಂಡೀರಿ?" ಕೆಳಗಿನ ಓಣಿಯವರು ಮೊದಲು ಕೈ ಎತ್ತಿದರು.

ಈ ನಡುವೆ, 2024ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿತು. ಇಸ್ರೋದ ಅಹಮದಾಬಾದ್ ಕೇಂದ್ರ ಉಪಗ್ರಹದ ಚಿತ್ರ ನೋಡಿ ದೇಶದಲ್ಲಿ 2.25 ಹೆಕ್ಟೇರ್‌ಗಿಂತ ದೊಡ್ಡ ಜೌಗು ಭೂಮಿ 2,31,195 ಇವೆ ಅಂತ ಲೆಕ್ಕ ಕೊಟ್ಟಿದೆ. ಪ್ರತಿ ರಾಜ್ಯವೂ ಮೂರು ತಿಂಗಳಲ್ಲಿ ಅವುಗಳ ಜಾಗಕ್ಕೇ ಹೋಗಿ ನೋಡಿ, ಗಡಿ ಗುರುತಿಸಬೇಕು ಅನ್ನೋದು ಆದೇಶ. ಹೋಗಿ ನೋಡಿ, ಗಡಿ ಗುರುತಿಸಿ. ದೇಶದ ದೊಡ್ಡ ಕೋರ್ಟ್ ಹೇಳಿದ್ದೂ ನಾನು ಒಂದು ಪುಟದಲ್ಲಿ ಕೇಳಿದ್ದೂ ಒಂದೇ ಮಾತು ಅಂತ ಓದಿದಾಗ ಗಂಟಲು ಕಟ್ಟಿತು. ಆದೇಶದ ಸುದ್ದಿಯ ಪ್ರತಿಯನ್ನೂ ಅರ್ಜಿಗೆ ಲಗತ್ತಿಸಿ ಮತ್ತೊಮ್ಮೆ ಕೊಟ್ಟು ಬಂದೆ.

ಅಳತೆಗೆ ಬಂದದ್ದು 2025ರ ಫೆಬ್ರವರಿಯಲ್ಲಿ. ಭೂಮಾಪಕರು ಇಬ್ಬರು, ಊರಿನ ತಲಾಟಿ, ಪಂಚಾಯತಿಯವರು, ಸುತ್ತಲ ಹೊಲದವರೆಲ್ಲ. ಅವರ ಹತ್ತಿರ ರೋವರ್ ಇತ್ತು, ಕೋಲಿನ ತುದಿಗೆ ಅಣಬೆಯ ತಲೆ ಇದ್ದ ಹಾಗೆ ಒಂದು ಯಂತ್ರ. ಆದರೆ ಯಂತ್ರಕ್ಕೂ ಮೊದಲು ಹಳೇ ಕಲ್ಲು ಬೇಕು. ಮೂರು ಊರಿನ ಗಡಿ ಸೇರುವಲ್ಲಿ ಒಂದು ಬಾಂದಗಲ್ಲು ಇರಬೇಕು ಅಂತ ಹಳೇ ಅಳತೆಯ ಟಿಪ್ಪಣಿ ಹೇಳುತ್ತಿತ್ತು. ಇರುವ ಜಾಗದಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು.

ಕಾಕಾ ಕೊಡಲಿ ತಂದ. ಎಪ್ಪತ್ತು ದಾಟಿದೆ ಅವನಿಗೆ. "ನಮ್ಮಪ್ಪ ಇಲ್ಲೇ ದನ ಕಟ್ತಿದ್ದ. ಕಲ್ಲಿನ ಮ್ಯಾಲ ಕುಂತು ರೊಟ್ಟಿ ತಿಂತಿದ್ದ" ಅಂದು, ಕಣ್ಣಳತೆಯಲ್ಲೇ ಎರಡು ಮೆಳೆ ಬಿಟ್ಟು ಮೂರನೆಯದಕ್ಕೆ ಕೈ ಹಾಕಿದ. ಮುಳ್ಳು ಸರಿಸಿ, ಸಲಿಕೆಯಿಂದ ಒಂದು ಮೊಳ ಕೆದರಿದಾಗ ಠಣ್ ಅಂತ ಸದ್ದು. ಮಣ್ಣು ಕೈಯಿಂದಲೇ ಬಳಿದೆವು. ಒಂದು ಮಗ್ಗಲು ನಯವಾಗಿ ಸವೆದ ಕರಿಕಲ್ಲು. ಮೇಲೆ ಉಳಿಯಿಂದ ಕೊರೆದ ಗುರುತು, ಬೆರಳು ಆಡಿಸಿದರೆ ಇನ್ನೂ ಸಿಗುತ್ತಿತ್ತು. ಭೂಮಾಪಕರು ಟಿಪ್ಪಣಿ ನೋಡಿದರು, ಕಲ್ಲು ನೋಡಿದರು. "ಇದೇ" ಅಂದರು.

ಅಲ್ಲಿಂದ ಕೆಲಸ ಸರಸರ ನಡೆಯಿತು. ಬಿಂದು ಹಿಡಿಯೋದು, ಸುಣ್ಣ ಹಾಕೋದು, ಮುಂದೆ ಹೋಗೋದು. ಸಂಜೆ ಹೊತ್ತಿಗೆ ಸುಣ್ಣದ ಗೆರೆ ಅಂಗಳವನ್ನು ಸುತ್ತಿ ಬಂದಿತ್ತು. ಗರಸಿನ ಗುಡ್ಡೆ ಪೂರ್ತಿ ಗೆರೆಯ ಒಳಗೆ. ಅದನ್ನು ಹಾಕಿಸಿದವರೂ ಅಲ್ಲೇ ನಿಂತಿದ್ದರು. ಅವರು ಒಂದು ಮಾತೂ ಆಡಲಿಲ್ಲ.

ಆಮೇಲೆ 30 ಮೀಟರ್ ಟೇಪು ಹಿಡಿದರು. ನಮ್ಮ ಕಡೆ ಅದು ಬಂದು ನಿಂತದ್ದು ಕಾಕಾನ ಕಣದ ನಟ್ಟನಡುವೆ. ಬೆಳಿಗ್ಗೆಯಿಂದ ಜಾಲಿ ಕಡಿದವನ ಮುಖ ಸಣ್ಣದಾಯಿತು.

"ಹಂಗಾರ ನನ್ನ ಕಣ ಹೋತೇನು?"

"ಇಲ್ಲ ಯಜಮಾನ್ರ, ನೆಲ ನಿಮ್ದ ಐತಿ" ಅಂದರು ಭೂಮಾಪಕರು. "ಪಹಣಿ ನಿಮ್ಮ ಹೆಸರಿಲೇ ಇರ್ತೈತಿ. ಬೆಳೀರಿ, ರಾಶಿ ಮಾಡ್ರಿ. ಮನಿ ಮಾತ್ರ ಕಟ್ಟಂಗಿಲ್ಲ ಇಲ್ಲಿ."

ಕಾಕಾ ಸ್ವಲ್ಪ ಹೊತ್ತು ಸುಮ್ನೆ ಇದ್ದ. ಅದೇ ಜಾಗದಲ್ಲಿ ಸಣ್ಣ ಮಗನಿಗೆ ಎರಡು ಖೋಲಿ ಹಾಕಬೇಕು ಅಂತ ಅವನ ಮನಸ್ಸಿನಲ್ಲಿತ್ತು, ನನಗೆ ಗೊತ್ತಿತ್ತು. ನಾನು ಏನೂ ಹೇಳಲಾರದೆ ನಿಂತೆ. ಕಡೆಗೆ ಅವನೇ ಅಂದ. "ಊರ ಕಡೀಗೆ ಹಾಕಿದ್ರಾತು ಬಿಡು. ಇಲ್ಲಿ ಮಳಿಗಾಲದಾಗ ಹೆಂಗೂ ಥಂಡಿ."

ಅವನು ಹಾಗೆ ಬಿಟ್ಟುಕೊಟ್ಟದ್ದನ್ನು ನಾನು ಮರೆಯೋದಿಲ್ಲ. ಕೆರೆ ಅಂಚಿನ ಕಾಯ್ದೆ ಅಂದರೆ ದೂರದ ಯಾರದೋ ಲೇಔಟ್ ತಡೆಯೋದು ಅಂತ ತುಂಬಾ ಜನ ಅಂದುಕೊಂಡಿರ್ತಾರೆ. ಟೇಪು ಹಿಡಿದಾಗ ಅದು ನಮ್ಮ ಮನೆಯವರ ಕಣದಲ್ಲೂ ಬಂದು ನಿಲ್ಲುತ್ತದೆ. ಈ 30 ಮೀಟರನ್ನು ಕೆರೆಯ ವಿಸ್ತೀರ್ಣ ನೋಡಿ ಕಡಿಮೆ ಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲಕ್ಕೆ ಬಂದಾಗ ನನಗೆ ಕಾಕಾನ ಮುಖವೇ ನೆನಪಾಯಿತು. ಚಿಕ್ಕ ಕೆರೆಗೆ ಚಿಕ್ಕ ಅಂಚು ಸಾಕು ಅನ್ನೋದು ಅದರ ಲೆಕ್ಕ. ನಾನು ಒಪ್ಪೋದಿಲ್ಲ. ಚಿಕ್ಕ ಕೆರೆಯ ಅಂಗಳ ಚಪ್ಪಟೆ. ನೀರು ಒಂದು ಗೇಣು ಏರಿದರೆ ನೂರು ಹೆಜ್ಜೆ ಮುಂದೆ ಬರುತ್ತದೆ. ಅಂಥ ಕಡೆಯೇ ಜಾಸ್ತಿ ಜಾಗ ಬೇಕು.

ಏಪ್ರಿಲ್‌ನಲ್ಲಿ ಕಲ್ಲು ಹಾಕಿದರು. ಹತ್ತೊಂಬತ್ತು ಕಲ್ಲು, ಬಿಳಿ ಬಣ್ಣ, ಕೆಂಪು ನಂಬರ್. ಮಣ್ಣು ತೆಗೆಯಲು ನೋಟಿಸು ಹೋಯಿತು. ಅರ್ಧ ತೆಗೆದರು, ಅರ್ಧ ಹಾಗೇ ಇದೆ. ಉಳಿದದ್ದಕ್ಕೆ ಮತ್ತೆ ಬರೆದಿದ್ದೇನೆ. ಆ ಬೇಸಿಗೆಯಲ್ಲೂ ಟಿಟ್ಟಿಭ ಬಂದಿತ್ತು. ಮೊಟ್ಟೆ ಇಟ್ಟದ್ದು ಏಳನೇ ಕಲ್ಲಿನ ಹತ್ತಿರ, ಉಳಿದ ಗರಸಿನ ಹರಳನ್ನೇ ಸುತ್ತ ಜೋಡಿಸಿಕೊಂಡು.

ಅಕ್ಟೋಬರ್‌ನಲ್ಲಿ ಮಳೆ ಚೆನ್ನಾಗಿ ಆಯಿತು. ಒಂದು ಬೆಳಿಗ್ಗೆ ಅವ್ವ ಮತ್ತೆ ಫೋನ್ ಮಾಡಿದಳು. ಹೋಗಿ ನೋಡಿದರೆ ನೀರು ಅಂಗಳ ತುಂಬಿ, ಏಳನೇ ಕಲ್ಲಿನ ಬುಡ ಮುಟ್ಟಿ ನಿಂತಿತ್ತು. ಕೆಂಪು ನಂಬರ್ ಕಾಣುವ ಹಾಗೆ ಫೋಟೋ ತೆಗೆದೆ. ಹಿಂದೆ ತಾರೀಖು ಬರೆದು ಫೈಲಿಗೆ ಸೇರಿಸಿದೆ. ನೀರು ಇಲ್ಲಿಯವರೆಗೆ ಬರುತ್ತದೆ ಅಂತ ಮುಂದೆ ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಬೇಕು.

ಈಗ ಹಳ್ಳದ ಸರದಿ. ಕೆರೆಗೆ ನೀರು ತರುವ ಹಳ್ಳ ಮೇಲಿನ ಊರಿನ ಮೂರು ಸರ್ವೆ ನಂಬರ್ ದಾಟಿ ಬರುತ್ತದೆ. ಎರಡು ಕಡೆ ಅದನ್ನು ಒತ್ತಿ ಮೊಳದಷ್ಟು ಮಾಡಿದ್ದಾರೆ. ವ್ಯಾಖ್ಯೆಯಲ್ಲಿ ಒಳಹರಿವೂ ಇದೆಯಲ್ಲ. ಮೂರೂ ಪಹಣಿ ತೆಗೆದಿಟ್ಟಿದ್ದೇನೆ. ಸೋಮವಾರ ಆ ಊರಿನ ಪಂಚಾಯತಿಗೆ ಹೋಗಬೇಕು. ಅವ್ವ ತಾನೂ ಬರ್ತೀನಿ ಅಂದಿದ್ದಾಳೆ.